ಒಬ್ಬರದ್ದು ಇನ್ನೊಬ್ಬರಿಗೆ ಹೋಗಬಾರದು: ಕಟಿಂಗ್ ಶಾಪಿನ ಶುಚಿತ್ವ ಮತ್ತು ಗಿರಾಕಿಯ ಕಾಳಜಿ

ಕುರ್ಚಿಯಲ್ಲಿ ಕೂತವರು ತಲೆ ಹಿಂದಕ್ಕೆ ಒರಗಿಸುತ್ತಾರೆ. ಕಣ್ಣು ಮುಚ್ಚುತ್ತಾರೆ. ಗಂಟಲು ಒಡ್ಡುತ್ತಾರೆ. ನಮ್ಮ ಕೈಯಲ್ಲಿ ಬ್ಲೇಡ್ ಇರುತ್ತದೆ. ಗುರುತು ಪರಿಚಯ ಇಲ್ಲದವರೂ ಅಷ್ಟು ನಂಬಿ ಕೂರುವ ಜಾಗ ಊರಲ್ಲಿ ಎಷ್ಟಿವೆ ಹೇಳಿ? ಹೊಸದಾಗಿ ಅಂಗಡಿ ಇಡುವ ಹುಡುಗರು ನನ್ನ ಹತ್ತಿರ ಬಂದು ಫೇಡ್ ಹೇಗೆ ಹೊಡೆಯೋದು, ಕುರ್ಚಿ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ. ನಾನು ಮೊದಲು ಹೇಳುವುದು ಟವೆಲ್ ಎಷ್ಟಿವೆ, ಬ್ಲೇಡ್ ಎಲ್ಲಿ ಬಿಸಾಡ್ತೀಯ ಅನ್ನುವುದನ್ನು. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನಾನು ಕೆಲಸ ಕಲಿತ ಅಂಗಡಿಯಲ್ಲಿ ಒಂದು ಸ್ಟೀಲ್ ಬಟ್ಟಲು, ಒಂದು ಬ್ರಷ್, ಒಂದು ಪಟಿಕದ ಕಲ್ಲು ಇದ್ದವು. ಬೆಳಿಗ್ಗೆಯಿಂದ ರಾತ್ರಿವರೆಗೆ ಎಲ್ಲರ ಮುಖಕ್ಕೂ ಅವೇ. ಒಂದು ಸಲ ಒಬ್ಬ ಮೇಷ್ಟ್ರು ಗಡ್ಡದ ಬುಡದಲ್ಲಿ ಕೀವು ತುಂಬಿದ ಗುಳ್ಳೆಗಳೊಂದಿಗೆ ಬಂದರು. ಹುಷಾರಾಗಿ ಶೇವ್ ಮಾಡಿ ಕಳಿಸಿದೆವು. ಬ್ರಷ್ ಅದೇ ಬಟ್ಟಲಿಗೆ ಹೋಯಿತು. ಹತ್ತು ಹನ್ನೆರಡು ದಿನದೊಳಗೆ ಇನ್ನೂ ಮೂರು ಜನ ಅಂಥದ್ದೇ ಗುಳ್ಳೆ ಹೊತ್ತು ಬಂದರು. ಯಾರೂ ನಮ್ಮನ್ನು ಬೈಯಲಿಲ್ಲ. "ಬಿಸಿಲಿಗೆ ಕಣಪ್ಪ, ಮೈ ಉಷ್ಣ" ಅಂದರು. ಆ ಬ್ರಷ್ ತೊಳೆಯುತ್ತಿದ್ದವನು ನಾನು. ನೀರಲ್ಲಿ ಅದ್ದಿ ಎರಡು ಸಲ ಒದರಿದರೆ ತೊಳೆದಂತೆ ಅಂದುಕೊಂಡಿದ್ದೆ. ಆ ಮೂವರ ಮುಖ ಇವತ್ತಿಗೂ ನೆನಪಿದೆ.

ಅಲ್ಲಿಂದ ನಾನು ಹಿಡಿದುಕೊಂಡದ್ದು ಒಂದೇ ಮಾತು. ಒಬ್ಬರ ಮೈಯದ್ದು ಯಾವುದೂ ಇನ್ನೊಬ್ಬರ ಮೈಗೆ ಹೋಗಬಾರದು. ರಕ್ತ, ಕೀವು, ಬೆವರು, ಹೇನು, ತಲೆಹೊಟ್ಟು, ಯಾವುದೂ. ಮುಂದೆ ಹೇಳುವುದೆಲ್ಲ ಈ ಮಾತಿನಿಂದಲೇ ಹುಟ್ಟಿದ್ದು.

ಕಣ್ಣಿಗೆ ಕಾಣದ ರಕ್ತ

ಬ್ಲೇಡ್ ಅಂದ ಕೂಡಲೇ ಜನಕ್ಕೆ ಎಚ್‌ಐವಿ ನೆನಪಾಗುತ್ತದೆ. ಮೈಯಿಂದ ಹೊರಗೆ ಬಂದ ಮೇಲೆ ಆ ವೈರಸ್ ಜಾಸ್ತಿ ಹೊತ್ತು ತಾಳುವುದಿಲ್ಲ. ನಮ್ಮ ಕೆಲಸದಲ್ಲಿ ಅದಕ್ಕಿಂತ ಜಾಸ್ತಿ ಹೆದರಬೇಕಾದ್ದು ಹೆಪಟೈಟಿಸ್ ಬಿ ಮತ್ತು ಸಿಗೆ. ಎರಡೂ ಲಿವರ್‌ಗೆ ಬಡಿಯುವ ಕಾಯಿಲೆ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ, ಕಬ್ಬಿಣದ ಮೇಲೆ, ಮೇಜಿನ ಮೇಲೆ ಕಡಿಮೆ ಅಂದರೂ 7 ದಿನ ಜೀವ ಹಿಡಿದಿರುತ್ತದೆ. ಅಷ್ಟು ದಿನವೂ ಅದು ಅಂಟಬಲ್ಲದು. ರಕ್ತ ಕಣ್ಣಿಗೆ ಕಾಣಲೇಬೇಕು ಅಂತಿಲ್ಲ. ಶೇವ್ ಆದ ಮೇಲೆ ಮುಖ ಚುರುಚುರು ಅನ್ನುತ್ತದಲ್ಲ, ಅಲ್ಲಿ ಚರ್ಮ ಸಣ್ಣಗೆ ಕೆರೆದಿರುತ್ತದೆ. ಬಾಗಿಲು ತೆರೆದ ಹಾಗೆ ಅದು.

ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಸಾಮಾನ್ಯವಾಗಿ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಇನ್ನೊಂದು, ಮೊದಲನೆಯದರಿಂದ ಆರು ತಿಂಗಳಿಗೆ ಮೂರನೆಯದು. ಈ ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರೂ ಅದನ್ನು ಹಾಕಿಸಿಕೊಳ್ಳಿ. ಅಂಗಡಿಯ ಹುಡುಗನಿಗೂ ಹಾಕಿಸಿ, ಖರ್ಚು ನೀವೇ ಕೊಡಿ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ಅದನ್ನು ತಡೆಯಲು ಇರುವುದು ನಮ್ಮ ಶುಚಿತ್ವ ಮಾತ್ರ.

ಶಟರ್ ಎತ್ತಿದ ಮೇಲೆ

ಮೊದಲು ನೆಲ. ಒಣ ಪೊರಕೆಯಲ್ಲಿ ಜೋರಾಗಿ ಗುಡಿಸಿದರೆ ಪುಡಿ ಕೂದಲೆಲ್ಲ ಎದ್ದು ಟವೆಲ್ ಮೇಲೆ ಕೂರುತ್ತದೆ. ನೀರು ಚಿಮುಕಿಸಿ ಗುಡಿಸಿ, ಆಮೇಲೆ ಒರೆಸಿ. ಕುರ್ಚಿಯ ಕೈ, ತಲೆ ಒರಗುವ ಜಾಗ, ಕನ್ನಡಿ ಕೆಳಗಿನ ಹಲಗೆ, ನಲ್ಲಿ ತಿರುಗಣಿ, ಮೊಬೈಲ್ ಇಡುವ ಜಾಗ, ಇವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಪ್ರೇ ಬಾಟಲಿಯ ನಿನ್ನೆಯ ನೀರು ಚೆಲ್ಲಿ ಹೊಸ ನೀರು ತುಂಬಿ. ತುಂಬಾ ಅಂಗಡಿಗಳಲ್ಲಿ ನಲ್ಲಿ ಇರುವುದಿಲ್ಲ, ಗೊತ್ತು. ಕೆಳಗೆ ನಲ್ಲಿ ಇರುವ ಒಂದು ಡ್ರಮ್ ಸ್ಟೂಲ್ ಮೇಲಿಟ್ಟರೆ ಸಾಕು, ಹರಿಯುವ ನೀರಿನಲ್ಲಿ ಕೈ ತೊಳೆಯಬಹುದು. ಮಗ್ಗಿನಲ್ಲಿ ಕೈ ಅದ್ದುವುದು ತೊಳೆದಂತಲ್ಲ.

ದೀಪ ಹಚ್ಚಿ ಊದುಬತ್ತಿ ಬೆಳಗುವವರು ಸ್ಪಿರಿಟ್ ಬಾಟಲಿಯನ್ನು ಆ ಹಲಗೆಯಿಂದ ದೂರ ಇಡಿ. ಸ್ಪಿರಿಟ್ ತಟ್ಟನೆ ಹೊತ್ತಿಕೊಳ್ಳುತ್ತದೆ. ಪೂಜೆ ಆದ ಮೇಲೆ ಇನ್ನೊಮ್ಮೆ ಕೈ ತೊಳೆದು ಕೆಲಸಕ್ಕೆ ನಿಲ್ಲಿ.

ಟವೆಲ್ ಎಣಿಸಿ. ದಿನಕ್ಕೆ ಇಪ್ಪತ್ತು ಜನ ಬರುವ ಅಂಗಡಿಗೆ ಇಪ್ಪತ್ತೈದು ಟವೆಲ್ ಬೇಕು. ಅಷ್ಟಿಲ್ಲ ಅಂದರೆ ದೊಡ್ಡ ಟವೆಲ್ ಬಿಡಿ, ಕರವಸ್ತ್ರಕ್ಕಿಂತ ಸ್ವಲ್ಪ ದೊಡ್ಡ ಬಟ್ಟೆ ತುಂಡುಗಳನ್ನು ಹೊಲಿಸಿ ಇಟ್ಟುಕೊಳ್ಳಿ. ತೊಳೆಯಲೂ ಸುಲಭ, ಒಣಗುವುದೂ ಬೇಗ. ಇಲ್ಲವೇ ಒಂದು ಸಲ ಬಳಸಿ ಬಿಸಾಡುವ ಟಿಶ್ಯೂ ಟವೆಲ್. 2020ರಲ್ಲಿ ಲಾಕ್‌ಡೌನ್ ಮುಗಿದು ಅಂಗಡಿ ತೆರೆದಾಗ ಊರೂರಲ್ಲೂ ಟಿಶ್ಯೂ, ಬಿಸಾಡುವ ಏಪ್ರನ್ ಬಂದಿದ್ದವು. ಭಯ ಹೋದ ಮೇಲೆ ಅವೂ ಹೋದವು. ಕೊರೊನಾ ಇರಲಿ ಬಿಡಲಿ, ಹುಳುಕಡ್ಡಿ ಟವೆಲ್‌ನಲ್ಲಿ ಹರಡುವುದು ನಿಂತಿಲ್ಲ.

ಕುರ್ಚಿಗೆ ಕೂರಿಸುವಾಗ

ಹಿಂದಿನವರ ಕೂದಲು ಕುರ್ಚಿ ಮೇಲಿದ್ದರೆ ಹೊಸಬರನ್ನು ಕರೆಯಬೇಡಿ. ಕೊಡವಿ, ಒರೆಸಿ, ಆಮೇಲೆ "ಬನ್ನಿ ಅಣ್ಣ" ಅನ್ನಿ. ಅವರು ಕೂತ ಮೇಲೆ, ಅವರು ನೋಡುವ ಹಾಗೆ, ಸೋಪು ಹಾಕಿ ಕೈ ತೊಳೆಯಿರಿ. ಮುಂಚೆಯೇ ತೊಳೆದಿದ್ದರೂ ಇನ್ನೊಮ್ಮೆ ತೊಳೆಯಿರಿ. ಅವರು ಕಣ್ಣಾರೆ ನೋಡಿದರೆ ಕೇಳುವ ಅಭ್ಯಾಸ ಬರುತ್ತದೆ. ನಾಳೆ ಇನ್ನೊಂದು ಅಂಗಡಿಗೆ ಹೋದಾಗಲೂ "ಕೈ ತೊಳೆದ್ರಾ?" ಅಂತ ಕೇಳುತ್ತಾರೆ. ನಮ್ಮ ಇಡೀ ಕಸುಬಿಗೆ ಒಳ್ಳೆಯದು ಅದು.

ಹೊದಿಕೆ ಬಟ್ಟೆ ಎಲ್ಲರಿಗೂ ಒಂದೇ ಇರುತ್ತದೆ. ಆದರೆ ಅದು ಯಾರ ಕುತ್ತಿಗೆಯನ್ನೂ ಮುಟ್ಟಬಾರದು. ಕುತ್ತಿಗೆ ಸುತ್ತ ಒಂದು ಪಟ್ಟಿ ಟಿಶ್ಯೂ ಸುತ್ತಿ, ಅದರ ಮೇಲೆ ಬಟ್ಟೆ ಕಟ್ಟಿ, ಟಿಶ್ಯೂ ಅಂಚನ್ನು ಹೊರಕ್ಕೆ ಮಡಚಿ. ಒಂದು ರೂಪಾಯಿಯೂ ಆಗದ ಕೆಲಸ. ಕಟ್ಟಿದ ಮೇಲೆ "ಬಿಗಿ ಆಯ್ತಾ?" ಅಂತ ಕೇಳಿ. ವಯಸ್ಸಾದವರು ಉಸಿರು ಕಟ್ಟಿದರೂ ಹೇಳುವುದಿಲ್ಲ, ಸಂಕೋಚ.

ಕತ್ತರಿ ಹಿಡಿಯುವ ಮೊದಲು ಬಾಚಣಿಗೆಯಲ್ಲಿ ಕೂದಲು ಬಿಡಿಸುತ್ತಾ ತಲೆ, ಕಿವಿ ಹಿಂದೆ, ಕುತ್ತಿಗೆ, ಗಡ್ಡದ ಬುಡ ನೋಡಿ. ಅರ್ಧ ನಿಮಿಷ ಸಾಕು. ಜೊತೆಗೆ ಮಾತಾಡುತ್ತಲೇ ಕೇಳಿ: ಎಲ್ಲಾದರೂ ಗಾಯ, ಗುಳ್ಳೆ ಇದೆಯಾ? ಸಕ್ಕರೆ ಕಾಯಿಲೆ ಇದೆಯಾ? ರಕ್ತ ತೆಳು ಮಾಡುವ ಮಾತ್ರೆ ತಗೋತೀರಾ? ಹಾರ್ಟ್ ಆಪರೇಷನ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಆ ಮಾತ್ರೆ ತಗೊಳ್ಳುತ್ತಿರುತ್ತಾರೆ. ಸಣ್ಣ ಗೀರು ಬಿದ್ದರೂ ರಕ್ತ ಬೇಗ ನಿಲ್ಲುವುದಿಲ್ಲ. ಅವರಿಗೆ ಬ್ಲೇಡಿಗಿಂತ ಟ್ರಿಮ್ಮರ್ ಒಳ್ಳೆಯದು.

ಏನು ಅಂಟುತ್ತದೆ, ಏನು ಅಂಟುವುದಿಲ್ಲ ಅನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ಪಾಪದ ಮನುಷ್ಯರಿಗೆ ಸುಮ್ನೆ ನೋವು ಮಾಡುತ್ತೇವೆ. ತೊನ್ನು ಅಂಟುವುದಿಲ್ಲ. ಸೋರಿಯಾಸಿಸ್ ಅಂಟುವುದಿಲ್ಲ. ನಾಣ್ಯದಗಲ ಕೂದಲು ಉದುರಿ ಚರ್ಮ ನುಣ್ಣಗೆ ಹೊಳೆಯುತ್ತಿದ್ದರೆ, ಊರಲ್ಲಿ ಹುಳ ತಿಂದಿದೆ ಅಂತಾರೆ, ಅಲ್ಲಿ ಯಾವ ಹುಳವೂ ಇಲ್ಲ. ಅದೂ ಅಂಟುವುದಿಲ್ಲ. ಇಂಥವರನ್ನು ಬೇರೆಯವರ ಹಾಗೇ ಮುಟ್ಟಿ, ಬೇರೆಯವರ ಹಾಗೇ ಮಾತಾಡಿಸಿ. ತೊನ್ನು ಇರುವ ಒಬ್ಬ ಹುಡುಗ ನನ್ನ ಅಂಗಡಿ ಬಾಗಿಲಲ್ಲಿ ನಿಂತು "ನಂಗೆ ಕಟಿಂಗ್ ಮಾಡ್ತೀರಾ?" ಅಂತ ಕೇಳಿದ್ದ. ಆ ಪ್ರಶ್ನೆ ಕೇಳುವ ಪರಿಸ್ಥಿತಿ ಯಾರಿಗೂ ಬರಬಾರದು.

ಅಂಟುವುದು ಹುಳುಕಡ್ಡಿ. ಉಂಗುರದ ಹಾಗೆ ಅಂಚು ಕೆಂಪಾಗಿ, ಹೊಟ್ಟು ಹೊಟ್ಟಾಗಿ ಇರುತ್ತದೆ. ಮಕ್ಕಳ ತಲೆಯಲ್ಲಾದರೆ ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆಗಳು ಕಾಣುತ್ತವೆ. ಕೀವಿನ ಗುಳ್ಳೆ ಅಂಟುತ್ತದೆ. ಹೇನು, ಸೀರು ದಾಟುತ್ತವೆ. ನರಹುಲಿ ಮೇಲೆ ಬ್ಲೇಡ್ ಆಡಿಸಿದರೆ ಅದೇ ಮುಖದಲ್ಲಿ ಇನ್ನಷ್ಟು ಕಡೆ ಏಳುತ್ತದೆ. ಹಾಗೆ ಕಂಡಾಗ ಹೇಗೆ ಹೇಳುತ್ತೀರಿ ಅನ್ನುವುದು ಮುಖ್ಯ. ಇಡೀ ಅಂಗಡಿಗೆ ಕೇಳುವ ಹಾಗೆ ಕೂಗಬೇಡಿ. ಕಿವಿ ಹತ್ತಿರ ಬಾಗಿ, "ಯಜಮಾನ್ರೇ, ಇಲ್ಲಿ ಸ್ವಲ್ಪ ಗುಳ್ಳೆ ಎದ್ದಿದೆ. ಬ್ಲೇಡ್ ತಾಗಿದ್ರೆ ನಿಮಗೇ ಜಾಸ್ತಿ ಆಗುತ್ತೆ. ಚರ್ಮದ ಡಾಕ್ಟರಿಗೆ ತೋರಿಸಿ, ವಾಸಿಯಾದ ಮೇಲೆ ನಾನೇ ನೀಟಾಗಿ ಮಾಡಿಕೊಡ್ತೀನಿ" ಅನ್ನಿ. ಹುಳುಕಡ್ಡಿ ಇದ್ದರೆ ಇನ್ನೊಂದು ಮಾತೂ ಸೇರಿಸಿ: ಮೆಡಿಕಲ್ ಶಾಪಿನಲ್ಲಿ ಕೇಳಿ ಸಿಕ್ಕಿದ ಕ್ರೀಮು ಹಚ್ಚಬೇಡಿ. ಸ್ಟೆರಾಯ್ಡ್ ಬೆರೆಸಿದ ಕ್ರೀಮು ಮೊದಲು ತುರಿಕೆ ಇಳಿಸುತ್ತದೆ, ಆಮೇಲೆ ಕಾಯಿಲೆಯನ್ನು ಮೈಯೆಲ್ಲ ಹರಡಿಸುತ್ತದೆ.

ನಮಗೆ ಮಾತ್ರ ಕಾಣುವ ಜಾಗ ಒಂದಿದೆ, ಅದು ಕುತ್ತಿಗೆಯ ಹಿಂಭಾಗ. ಅಲ್ಲಿ ಚರ್ಮ ಕಪ್ಪಗೆ, ದಪ್ಪಗೆ, ಮಖಮಲ್ಲಿನ ಹಾಗೆ ಆಗಿರುವವರು ತುಂಬಾ ಜನ ಬರುತ್ತಾರೆ, ಹುಡುಗರೂ ಸೇರಿ. "ಕೊಳೆ, ಉಜ್ಜಿ ತೆಗೀರಿ" ಅನ್ನುತ್ತಾರೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಎಷ್ಟೋ ಸಲ ಅದು ಸಕ್ಕರೆ ಕಾಯಿಲೆ ಬರುವ ಮುನ್ಸೂಚನೆ. "ಒಂದ್ಸಲ ಶುಗರ್ ಟೆಸ್ಟ್ ಮಾಡಿಸಿ" ಅಂತ ಹೇಳಿ, ಅಷ್ಟು ಸಾಕು. ಬ್ಲೀಚ್ ಹಚ್ಚಿ ದುಡ್ಡು ಮಾಡಬೇಡಿ.

ಬ್ಲೇಡ್ ಹಾಕುವ ರೀತಿ

ಬ್ಲೇಡನ್ನು ಕಾಗದದಲ್ಲೇ ಇಟ್ಟು ಎರಡು ಬೆರಳಲ್ಲಿ ಉದ್ದಕ್ಕೆ ಬಗ್ಗಿಸಿ. ಟಕ್ ಅಂತ ಎರಡು ತುಂಡಾಗುತ್ತದೆ. ಒಂದು ತುಂಡು ಕಾಗದದೊಳಗೇ ಉಳಿಯಲಿ, ಅದು ಇನ್ನೂ ಯಾರಿಗೂ ತಾಗಿಲ್ಲ. ಇನ್ನೊಂದನ್ನು ಹೋಲ್ಡರಿಗೆ ಹಾಕಿ. ಇದೆಲ್ಲ ಗಿರಾಕಿಯ ಎದುರಿಗೆ, ಕನ್ನಡಿಯಲ್ಲಿ ಅವರಿಗೆ ಕಾಣುವ ಹಾಗೆ ಆಗಲಿ. "ಹೊಸ ಬ್ಲೇಡ್ ಹಾಕಿದೀನಿ ಸರ್" ಅಂತ ಬಾಯಲ್ಲೂ ಹೇಳಿ. ಹೋಲ್ಡರಿನ ಸಂದಿಯಲ್ಲಿ ಹಿಂದಿನವರ ಫೋಮ್, ಕೂದಲು ಕೂತಿದ್ದರೆ ಹೊಸ ಬ್ಲೇಡ್ ಹಾಕಿ ಏನೂ ಪ್ರಯೋಜನವಿಲ್ಲ. ಹಾಗಾಗಿ ಕನಿಷ್ಠ ಮೂರು ನಾಲ್ಕು ಹೋಲ್ಡರ್ ಇರಲಿ. ಒಂದು ಕೆಲಸದಲ್ಲಿದ್ದಾಗ ಇನ್ನೊಂದು ಔಷಧಿಯಲ್ಲಿ ನೆನೆಯುತ್ತಿರಲಿ.

ಅರ್ಧ ಬ್ಲೇಡಿಗೆ ಬೀಳುವುದು ಒಂದೆರಡು ರೂಪಾಯಿ. ಅದನ್ನು ಉಳಿಸಲು ಹೋಗಿ ಇಬ್ಬರಿಗೆ ಒಂದೇ ಬ್ಲೇಡ್ ಬಳಸುವವರನ್ನು ನೋಡಿದ್ದೇನೆ. "ಇವರು ನಮ್ಮವರೇ, ಅಣ್ಣ ತಮ್ಮ" ಅಂತಾರೆ. ಅಣ್ಣ ತಮ್ಮಂದಿರಾದರೂ ಬೇಡ. ಅಪ್ಪ ಮಗ ಆದರೂ ಬೇಡ.

ಬ್ರಷ್ ಬಿಟ್ಟುಬಿಡಿ. ಟ್ಯೂಬಿನ ಕ್ರೀಮು ಅಥವಾ ಫೋಮ್ ತೊಳೆದ ಕೈಗೆ ಹಾಕಿಕೊಂಡು ಹಚ್ಚಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಶೇವಿಂಗ್ ಬ್ರಷ್‌ಗಳಿಂದ ಆಂಥ್ರಾಕ್ಸ್ ಬಂದು ಜನ ಸತ್ತಿದ್ದರು. ಈಗಿನ ಬ್ರಷ್‌ನಲ್ಲಿ ಆಂಥ್ರಾಕ್ಸ್ ಇಲ್ಲದಿರಬಹುದು, ಆದರೆ ಎಳೆಗಳ ಬುಡದಲ್ಲಿ ಹಿಂದಿನವರ ಕೀವು ಇರಬಹುದು. ಬ್ರಷ್ಷೇ ಬೇಕು ಅನ್ನುವ ಹಳೆಯ ಗಿರಾಕಿಗಳಿದ್ದರೆ ಅವರ ಹೆಸರು ಬರೆದ ಬೇರೆ ಬ್ರಷ್ ಇಡಿ.

ಗಡ್ಡಕ್ಕೆ ಬಿಸಿ ಒದ್ದೆ ಬಟ್ಟೆ ಒಂದೆರಡು ನಿಮಿಷ ಒತ್ತಿ ಹಿಡಿದರೆ ಕೂದಲು ಮೆತ್ತಗಾಗುತ್ತದೆ. ಬಟ್ಟೆಯ ಬಿಸಿಯನ್ನು ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ನೋಡಿ. ಬ್ಲೇಡ್ ಕೂದಲು ಬೆಳೆದ ದಿಕ್ಕಿನಲ್ಲೇ ಹೋಗಲಿ. ಗುಂಗುರು ಗಡ್ಡದವರಿಗೆ ಎದುರು ದಿಕ್ಕಿನಲ್ಲಿ ಎಳೆದರೆ ಆಗ ನುಣ್ಣಗೆ ಕಾಣುತ್ತದೆ, ನಾಲ್ಕು ದಿನಕ್ಕೆ ಕೂದಲು ಚರ್ಮದೊಳಕ್ಕೇ ಬಾಗಿ ಗುಳ್ಳೆ ಏಳುತ್ತದೆ. ಬ್ಲೇಡಿನ ಫೋಮನ್ನು ನಿಮ್ಮ ಕೈ ಮೇಲೆ, ಗಿರಾಕಿಯ ಭುಜದ ಮೇಲೆ ಒರೆಸಬೇಡಿ. ಒಂದು ಟಿಶ್ಯೂ ಇರಲಿ, ಅದಕ್ಕೆ ಒರೆಸಿ ಬಿಸಾಡಿ.

ಗೀರು ಬಿದ್ದರೆ

ಎಷ್ಟೇ ಕೈ ಪಳಗಿದ್ದರೂ ಒಂದು ದಿನ ಗೀರು ಬೀಳುತ್ತದೆ. ಆಗ ಗಾಬರಿ ಬೇಡ, ಮುಚ್ಚಿಡುವುದೂ ಬೇಡ. ಹೀಗೆ ಮಾಡಿ.

1. ಕೆಲಸ ನಿಲ್ಲಿಸಿ. "ಸ್ವಲ್ಪ ಗೀರು ಬಿತ್ತು, ಕ್ಷಮಿಸಿ" ಅಂತ ಹೇಳಿ.
2. ಕೈಗೆ ಗ್ಲೌಸ್ ಹಾಕಿ. ಒಂದು ಜೊತೆ ಯಾವಾಗಲೂ ಕೈಗೆಟುಕುವ ಹಾಗಿರಲಿ.
3. ಹೊಸ ಹತ್ತಿ ಅಥವಾ ಗಾಜ್ ಬಟ್ಟೆ ಇಟ್ಟು ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ.
4. ಪಟಿಕದ ಕಲ್ಲನ್ನು ಉಜ್ಜಬೇಡಿ. ಪಟಿಕ ರಕ್ತ ನಿಲ್ಲಿಸುತ್ತದೆ, ನಿಜ. ಆದರೆ ಒಬ್ಬರ ರಕ್ತ ತಾಗಿದ ಕಲ್ಲು ಇನ್ನೊಬ್ಬರ ಗಾಯಕ್ಕೆ ಹೋಗುತ್ತದೆ. ಪಟಿಕದ ಪುಡಿಯನ್ನು ಚಿಟಿಕೆಯಷ್ಟು ಹತ್ತಿಗೆ ಹಾಕಿ ಒತ್ತಿ, ಹತ್ತಿ ಬಿಸಾಡಿ.
5. ರಕ್ತ ನಿಂತ ಮೇಲೆ ಆ ಜಾಗ ಬಿಟ್ಟು ಉಳಿದದ್ದು ಮುಗಿಸಿ. ಅದೇ ಬ್ಲೇಡಿನಲ್ಲಿ ಬೇರೇನನ್ನೂ ಮುಟ್ಟಬೇಡಿ.
6. ಬ್ಲೇಡ್ ಡಬ್ಬಿಗೆ, ಹತ್ತಿ ಗ್ಲೌಸ್ ಕವರಿಗೆ ಕಟ್ಟಿ ಕಸಕ್ಕೆ, ಹೋಲ್ಡರ್ ಔಷಧಿಗೆ. ಟವೆಲ್‌ಗೆ ರಕ್ತ ತಾಗಿದ್ದರೆ ಬೇರೆ ಬಕೆಟ್‌ಗೆ. ಆಮೇಲೆ ಕೈ ತೊಳೆಯಿರಿ.

ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ ನೀವೇ ಜೊತೆಗೆ ನಡೆದು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅಂಗಡಿ ಅರ್ಧ ಗಂಟೆ ಮುಚ್ಚಿದರೆ ಏನೂ ಆಗುವುದಿಲ್ಲ.

ಕತ್ತರಿ, ಬಾಚಣಿಗೆ, ಟ್ರಿಮ್ಮರ್

ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಕೂದಲು, ಎಣ್ಣೆ ಮೆತ್ತಿದ ಬಾಚಣಿಗೆಯನ್ನು ಹಾಗೇ ತಗೊಂಡು ಡೆಟಾಲ್ ನೀರಲ್ಲಿ ಮುಳುಗಿಸುತ್ತಾರೆ. ಬೆಳಿಗ್ಗೆ ನಾಲ್ಕು ಹನಿ ಹಾಕಿದ ಆ ನೀರು ಮಧ್ಯಾಹ್ನದ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ವಾಸನೆ ಮಾತ್ರ ಆಸ್ಪತ್ರೆಯದ್ದು. ಕೊಳೆ ಮೇಲೆ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ. ಮೊದಲು ಸೋಪು ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜಿ ತೊಳೆಯಬೇಕು. ಔಷಧಿ ಆಮೇಲೆ.

ಪ್ಲಾಸ್ಟಿಕ್ ಬಾಚಣಿಗೆ, ಟ್ರಿಮ್ಮರ್ ಗಾರ್ಡ್, ಹಲಗೆ, ರಕ್ತ ತಾಗಿದ ಜಾಗ ಇವಕ್ಕೆ ಬ್ಲೀಚ್ ನೀರು. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಸಿಗುತ್ತದೆ. 5% ಅಂತ ಬರೆದಿದ್ದರೆ 100 ಮಿಲಿಗೆ 900 ಮಿಲಿ ನೀರು. 10 ನಿಮಿಷ ನೆನೆಸಿ, ಒಳ್ಳೆಯ ನೀರಲ್ಲಿ ತೊಳೆದು ಒಣಗಿಸಿ. ಇದನ್ನು ದಿನಾ ಹೊಸದಾಗಿ ಮಾಡಿ, ನಿನ್ನೆಯದಕ್ಕೆ ಶಕ್ತಿ ಇರುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಯಾವತ್ತೂ ಬೆರೆಸಬೇಡಿ, ಉಸಿರಿಗೆ ವಿಷದ ಗಾಳಿ ಏಳುತ್ತದೆ.

ಬ್ಲೀಚ್ ಕಬ್ಬಿಣವನ್ನು ತಿನ್ನುತ್ತದೆ. ಹಾಗಾಗಿ ಕತ್ತರಿಗೆ, ಟ್ರಿಮ್ಮರ್ ಬಾಯಿಗೆ ದಿನನಿತ್ಯಕ್ಕೆ 70% ಸ್ಪಿರಿಟ್ ಸರಿ. 99% ತಂದರೆ ಇನ್ನೂ ಒಳ್ಳೆಯದು ಅಂದುಕೊಳ್ಳಬೇಡಿ. ಅದು ಕೆಲಸ ಮಾಡುವ ಮುಂಚೆಯೇ ಆರಿ ಹೋಗುತ್ತದೆ. ರೋಗಾಣು ಸಾಯಲು ಸ್ವಲ್ಪ ನೀರೂ ಬೇಕು. ಒರೆಸಿ ತಕ್ಷಣ ಬಳಸುವುದಲ್ಲ, ಒದ್ದೆಯಾಗೇ ಸ್ವಲ್ಪ ಹೊತ್ತು ಬಿಟ್ಟು, ತಾನಾಗೇ ಆರಲು ಬಿಡಿ. ಕತ್ತರಿಗೆ ರಕ್ತ ತಾಗಿದ್ದರೆ ಸ್ಪಿರಿಟ್ ಸಾಲದು. ತೊಳೆದು, ಪೂರ್ತಿ ಸ್ಟೀಲ್ ಆಗಿದ್ದರೆ ನೀರಲ್ಲಿ ಮುಳುಗಿಸಿ 20 ನಿಮಿಷ ಕುದಿಸಿ. ಲೈಟರ್ ಬೆಂಕಿಗೆ ಒಂದು ಸಲ ತೋರಿಸುವುದು ಬರೀ ಸಮಾಧಾನಕ್ಕೆ.

ನೀಲಿ ದೀಪದ ಯುವಿ ಪೆಟ್ಟಿಗೆ ಈಗ ತುಂಬಾ ಅಂಗಡಿಗಳಲ್ಲಿದೆ. ಆ ಬೆಳಕು ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ. ಕತ್ತರಿಯ ಒಳಮೈಗೆ, ಬಾಚಣಿಗೆ ಹಲ್ಲಿನ ಸಂದಿಗೆ ಹೋಗುವುದಿಲ್ಲ. ತೊಳೆದ ಸಾಮಾನು ಇಡಲು ಅದು ಒಳ್ಳೆಯ ಡಬ್ಬಿ, ಅಷ್ಟೇ.

ಟ್ರಿಮ್ಮರ್ ಬಗ್ಗೆ ಒಂದು ಮಾತು. ಬ್ಲೇಡ್ ಬದಲಿಸುವವರೂ ಟ್ರಿಮ್ಮರನ್ನು ಮರೆಯುತ್ತಾರೆ. ಕುತ್ತಿಗೆಯ ಅಂಚಿಗೆ ಬರಿ ಮಷೀನ್ ಒತ್ತಿದಾಗ ಅದೂ ಚರ್ಮ ಕೆರೆಯುತ್ತದೆ. ಪ್ರತಿಯೊಬ್ಬರ ನಂತರ ಬ್ರಷ್‌ನಿಂದ ಕೂದಲು ತೆಗೆದು, ಸ್ಪಿರಿಟ್ ಹೊಡೆದು, ಆರಿದ ಮೇಲೆ ಎರಡು ಹನಿ ಎಣ್ಣೆ ಬಿಟ್ಟು ಒಂದು ಕ್ಷಣ ಓಡಿಸಿ. ಸ್ಪಿರಿಟ್ ಹೊಡೆಯುವಾಗ ಮಷೀನ್ ಆಫ್ ಇರಲಿ. ಎಣ್ಣೆ ಇಲ್ಲದ ಮಷೀನ್ ಬಿಸಿಯಾಗಿ ಕುತ್ತಿಗೆ ಸುಡುತ್ತದೆ.

ಪೌಡರ್ ಬ್ರಷ್ ಕೂಡ ಹಾಗೇ. ಎಲ್ಲರ ಕುತ್ತಿಗೆಗೂ ಅದೇ ಹೋಗುತ್ತದೆ, ವಾರಗಟ್ಟಲೆ ಯಾರೂ ತೊಳೆಯುವುದಿಲ್ಲ. ಟಿಶ್ಯೂ ಮೇಲೆ ಪೌಡರ್ ಉದುರಿಸಿ ಒರೆಸಿ, ಬಿಸಾಡಿ.

ಕುತ್ತಿಗೆ ತಿರುಗಿಸಬೇಡಿ

ತಲೆ ಮಾಲೀಶ್ ಮಾಡಿ, ಕೊನೆಗೆ ಗಲ್ಲ ಹಿಡಿದು ಕುತ್ತಿಗೆಯನ್ನು ಎರಡೂ ಕಡೆ ಲಟಕ್ಕನೆ ತಿರುಗಿಸುವುದು ನಮ್ಮಲ್ಲಿ ಹಳೆಯ ಅಭ್ಯಾಸ. ನಾನೂ ಎಷ್ಟೋ ವರ್ಷ ಮಾಡಿದ್ದೇನೆ. ಗಿರಾಕಿಗಳೇ ಕೇಳುತ್ತಾರೆ. ಆದರೆ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯಲ್ಲೇ ಹೋಗುತ್ತವೆ. ತಟ್ಟನೆ ತಿರುಗಿಸಿದಾಗ ನಾಳದ ಒಳಪದರ ಹರಿಯಬಹುದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು. ಅದೇ ಪಾರ್ಶ್ವವಾಯು. 2024ರಲ್ಲಿ ಬಳ್ಳಾರಿಯ ಮೂವತ್ತರ ಹರೆಯದ ಒಬ್ಬರಿಗೆ ಮಾಲೀಶ್ ಜೊತೆ ಕುತ್ತಿಗೆ ತಿರುಗಿಸಿಕೊಂಡ ಮೇಲೆ ಸ್ಟ್ರೋಕ್ ಆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಓದಿದ ದಿನ ನನ್ನ ಕೈ ನಡುಗಿತ್ತು. ಎಷ್ಟು ಕುತ್ತಿಗೆ ತಿರುಗಿಸಿದ್ದೇನೋ.

ತಲೆಗೆ, ಭುಜಕ್ಕೆ ಬೆರಳಲ್ಲಿ ಮೆತ್ತಗೆ ಒತ್ತಿ. ಅದರಲ್ಲೇ ಸುಖ ಇದೆ. "ಲಟಿಕೆ ತೆಗೀರಿ" ಅಂದರೆ, "ಅದು ಅಪಾಯ ಅಣ್ಣ, ನಾನು ಬಿಟ್ಟುಬಿಟ್ಟಿದೀನಿ" ಅನ್ನಿ. ತಲೆ ತೊಳೆಯುವ ಬೇಸಿನ್ ಇದ್ದರೆ ಅಂಚಿಗೆ ಮಡಚಿದ ಟವೆಲ್ ಇಡಿ. ವಯಸ್ಸಾದವರ ತಲೆಯನ್ನು ಜಾಸ್ತಿ ಹಿಂದಕ್ಕೆ ಬಗ್ಗಿಸಿ ತುಂಬಾ ಹೊತ್ತು ಇಡುವುದೂ ಕುತ್ತಿಗೆಗೆ ಒಳ್ಳೆಯದಲ್ಲ.

ಡೈ

ಹಬ್ಬದ ಮುಂಚೆ ಡೈಗೆ ನೂಕುನುಗ್ಗಲು. ಕಪ್ಪು ಡೈಗಳಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಕಪ್ಪು ಮೆಹಂದಿ ಅಂತ ಮಾರುವ ಪುಡಿಗಳಲ್ಲೂ ಇರುತ್ತದೆ. ಕೆಲವರಿಗೆ ಅದು ಆಗಿಬರುವುದಿಲ್ಲ. ಹಣೆ ಊದಿ, ಕಣ್ಣು ಮುಚ್ಚಿಹೋಗುವಷ್ಟು ಆಗುತ್ತದೆ. ಹತ್ತು ವರ್ಷ ಹಚ್ಚಿ ಏನೂ ಆಗದವರಿಗೂ ಒಂದು ದಿನ ಶುರುವಾಗಬಹುದು. ಹಾಗಾಗಿ 48 ಗಂಟೆ ಮುಂಚೆ ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಬೇಕು. ಯುಗಾದಿಗೆ ಡೈ ಬೇಕು ಅನ್ನುವವರಿಗೆ ಎರಡು ದಿನ ಮುಂಚೆ ಒಮ್ಮೆ ಬಂದು ಹೋಗಲು ಹೇಳಿ. ಹಿಂದೊಮ್ಮೆ ತುರಿಕೆ ಬಂದಿತ್ತು ಅಂದವರಿಗೆ ಹಚ್ಚಲೇಬೇಡಿ. ಇನ್ನೂರು ರೂಪಾಯಿ ಹೋದರೆ ಹೋಗಲಿ.

ಜವಳ ತೆಗೆಯುವ ದಿನ

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಎಲ್ಲಕ್ಕಿಂತ ಭಯವಾಗುವುದೂ ಇದೇ. ಮಗುವಿಗೆ ಒಂಬತ್ತು ಹನ್ನೊಂದು ತಿಂಗಳು ಇರುತ್ತದೆ. ಸೋದರಮಾವ ತೊಡೆ ಮೇಲೆ ಕೂರಿಸಿಕೊಂಡಿರುತ್ತಾನೆ. ಸುತ್ತ ನೆಂಟರು, ಎಲ್ಲರ ಕೈಯಲ್ಲೂ ಮೊಬೈಲ್. ಮಗು ಕಿರುಚುತ್ತದೆ.

ನೆತ್ತಿಯ ಮುಂಭಾಗ ಇನ್ನೂ ಮೆತ್ತಗಿರುತ್ತದೆ. ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ಅದು ಕೂಡಿಕೊಳ್ಳುತ್ತದೆ. ಮೊದಲು ಬೆರಳ ತುದಿಯಲ್ಲಿ ಆ ಜಾಗ ಮುಟ್ಟಿ ನೋಡಿ ಗುರುತು ಮಾಡಿಕೊಳ್ಳಿ. ಅಲ್ಲಿ ಒತ್ತಬಾರದು. ಮಾವ ಮೊದಲ ಕುಚ್ಚು ಕತ್ತರಿಸುವ ಶಾಸ್ತ್ರಕ್ಕೆ ನಿಮ್ಮ ಚೂಪು ಕತ್ತರಿ ಕೊಡಬೇಡಿ. ತುದಿ ದುಂಡಗಿರುವ ಸಣ್ಣ ಕತ್ತರಿ ತೊಳೆದು, ಸ್ಪಿರಿಟ್ ಒರೆಸಿ ತಗೊಂಡು ಹೋಗಿ. ಉದ್ದ ಕೂದಲನ್ನು ಮೊದಲು ಕತ್ತರಿಯಲ್ಲಿ ಇಳಿಸಿ. ಬೆಚ್ಚಗಿನ ನೀರು ಮೆತ್ತಗೆ ಸವರಿ. ಮಗುವಿನ ತಲೆಗೆ ಟ್ರಿಮ್ಮರ್ ಸಾಕು ಅಂತ ಮನೆಯವರಿಗೆ ಹೇಳಿ ನೋಡಿ, ಈಗ ತುಂಬಾ ಜನ ಒಪ್ಪುತ್ತಾರೆ. ಬ್ಲೇಡೇ ಬೇಕು ಅಂದರೆ ಪ್ಯಾಕೆಟ್ ಅವರ ಎದುರಿಗೇ ಒಡೆಯಿರಿ. ಮಗು ಅಲುಗಾಡಿದಾಗ ಬ್ಲೇಡ್ ಎತ್ತಿಬಿಡಿ, ತಲೆ ಅದುಮಿ ಹಿಡಿಯಬೇಡಿ. ಮುಹೂರ್ತ ಮೀರುತ್ತೆ ಅಂತ ಯಾರೋ ಹಿಂದಿನಿಂದ ಅವಸರ ಮಾಡುತ್ತಾರೆ. ಮಾಡಲಿ. ಎದೆಗೊರಗಿಸಿ, ಬೆನ್ನು ತಟ್ಟಿ, ಮಗು ಸುಮ್ಮನಾದ ಮೇಲೆ ಮುಂದುವರಿಸಿ. ಗಂಧ ಹಚ್ಚುವ ಮುಂಚೆ ಎಲ್ಲಾದರೂ ಗೀರು ಇದೆಯಾ ನೋಡಿ, ಇದ್ದರೆ ಆ ಜಾಗಕ್ಕೆ ಗಂಧ ಬೇಡ ಅಂತ ಅಜ್ಜಿಗೆ ಹೇಳಿ.

ಹಾಸಿಗೆ ಹಿಡಿದ ಅಜ್ಜಂದಿರ ಮನೆಗೆ ಹೋಗುವಾಗ ಬೇರೆಯೇ ಒಂದು ಚೀಲ ಇಡಿ: ತೊಳೆದ ಕತ್ತರಿ, ಟ್ರಿಮ್ಮರ್, ಹೊಸ ಬ್ಲೇಡ್, ಮುಚ್ಚಳದ ಡಬ್ಬಿ, ಹಳೆಯ ಬೆಡ್‌ಶೀಟ್. ಅಜ್ಜನಿಗೆ ಕೇಳಿಸದಿದ್ದರೂ ಏನು ಮಾಡುತ್ತಿದ್ದೀರಿ ಅಂತ ಹೇಳುತ್ತಲೇ ಮಾಡಿ. ಬ್ಲೇಡ್ ಅಲ್ಲೇ ಬಿಟ್ಟು ಬರಬೇಡಿ.

ಎಲ್ಲರಿಗೂ ಒಂದೇ ಕುರ್ಚಿ

ಕಾಳಜಿ ಅಂದ ಮೇಲೆ ಇದನ್ನು ಬಿಟ್ಟು ಬರೆಯಲಾರೆ. ಜಾತಿ ನೋಡಿ ಕೂದಲು ಕತ್ತರಿಸುವುದಿಲ್ಲ ಅನ್ನುವ ಅಂಗಡಿಗಳು ನಮ್ಮ ರಾಜ್ಯದ ಕೆಲವು ಹಳ್ಳಿಗಳಲ್ಲಿ ಇವತ್ತಿಗೂ ಇವೆ. ಊರ ದೊಡ್ಡವರ ಭಯಕ್ಕೆ ಹಾಗೆ ಮಾಡುತ್ತೇವೆ ಅನ್ನುತ್ತಾರೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು ಅಪರಾಧ. ಕಾನೂನಿರಲಿ, ನಮ್ಮ ಕಸುಬಿನವರೇ ಎಷ್ಟು ಅವಮಾನ ನುಂಗಿ ಬಂದವರು. ಕಸುಬಿನ ಹೆಸರನ್ನೇ ಬೈಗುಳ ಮಾಡಿ ನಮ್ಮ ಮುಖಕ್ಕೆ ಎಸೆದಿದ್ದಾರೆ. ಆ ನೋವು ಗೊತ್ತಿರುವ ನಾವು ಇನ್ನೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸಬಾರದು. ಸರತಿಯಲ್ಲಿ ಯಾರು ಮೊದಲು ಬಂದರೋ ಅವರು ಮೊದಲು. ಅದೇ ಕುರ್ಚಿ, ಅಂಥದ್ದೇ ಒಗೆದ ಟವೆಲ್, ಅದೇ ಮಾತು.

ನಿಮ್ಮ ಮೈ

ಬೆರಳ ಸಂದಿ ನೋಡಿಕೊಳ್ಳಿ. ಚೂಪಾದ ಪುಡಿ ಕೂದಲು ಬೆರಳ ನಡುವಿನ ಮೆತ್ತನೆ ಚರ್ಮಕ್ಕೆ ಮುಳ್ಳಿನ ಹಾಗೆ ಚುಚ್ಚಿಕೊಂಡು ಒಳಗೇ ಉಳಿಯುತ್ತದೆ. ಸಣ್ಣ ತೂತು ಬಿದ್ದು ಕೀವಾಗುತ್ತದೆ. ನಮ್ಮ ಕೆಲಸದವರಿಗೇ ಬರುವ ಕಾಯಿಲೆ ಇದು, ಕೆಲವರಿಗೆ ಆಪರೇಷನ್ ಆಗಿದೆ. ರಾತ್ರಿ ಬೆಳಕಿನಲ್ಲಿ ಬೆರಳು ಅಗಲಿಸಿ ನೋಡಿ, ಕೂದಲು ಕಂಡರೆ ಚಿಮುಟದಲ್ಲಿ ತೆಗೆದು ತೊಳೆಯಿರಿ. ಬರಿಗಾಲಲ್ಲಿ ಕೆಲಸ ಮಾಡಬೇಡಿ. ಕೈಗೆ ಗಾಯ ಇದ್ದರೆ ಪಟ್ಟಿ ಹಾಕಿ ಮೇಲೆ ಗ್ಲೌಸ್. ಜ್ವರ, ಕೆಮ್ಮು ಇದ್ದರೆ ರಜೆ. ಅಷ್ಟು ಹತ್ತಿರ ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಕೆಲಸ ನಮ್ಮದು.

ಮಂಗಳವಾರ

ವಾರದ ರಜೆ ಮಂಗಳವಾರ. ಬೆಳಿಗ್ಗೆ ಎರಡು ಗಂಟೆ ಅಂಗಡಿಗೆ ಕೊಡಿ. ಟವೆಲ್‌ಗಳನ್ನು ದಿನಾ ಬಿಸಿ ನೀರು, ಸೋಪಿನಲ್ಲಿ ಒಗೆದು ಬಿಸಿಲಲ್ಲಿ ಒಣಗಿಸುತ್ತೀರಿ ಅಂದುಕೊಂಡಿದ್ದೇನೆ. ಮಂಗಳವಾರ ಹೊದಿಕೆ ಬಟ್ಟೆ, ಪರದೆ, ಕುರ್ಚಿ ಕವರ್ ಒಗೆಯಿರಿ. ಟ್ರಿಮ್ಮರ್ ಬಾಯಿ ಬಿಚ್ಚಿ ಒಳಗಿನ ಕೂದಲು ತೆಗೆಯಿರಿ. ಡ್ರಾ ಹೊರಗೆಳೆದು ಒರೆಸಿ. ಆಯುಧ ಪೂಜೆಯ ಮರುದಿನ ಕತ್ತರಿ, ಹೋಲ್ಡರ್‌ಗಳ ಸಂದಿಯಲ್ಲಿ ಅರಿಶಿನ ಕುಂಕುಮ ಕೂತಿರುತ್ತದೆ, ಅದನ್ನು ಪೂರ್ತಿ ತೊಳೆದೇ ಗಿರಾಕಿಗೆ ಹಿಡಿಯಿರಿ.

ಕೊನೆಗೆ ಬ್ಲೇಡ್ ಡಬ್ಬಿ. ಗಟ್ಟಿ ತಗಡಿನ ಡಬ್ಬಿಯ ಮುಚ್ಚಳಕ್ಕೆ ಬ್ಲೇಡ್ ತೂರುವಷ್ಟು ಸೀಳು ಮಾಡಿ, ಮುಚ್ಚಳದ ಸುತ್ತ ಟೇಪ್ ಸುತ್ತಿರಬೇಕು. ಮುಕ್ಕಾಲು ತುಂಬಿದಾಗ ಸೀಳಿಗೂ ಟೇಪ್ ಹಾಕಿ, ಮೇಲೆ ದೊಡ್ಡದಾಗಿ "ಬ್ಲೇಡ್" ಅಂತ ಬರೆಯಿರಿ. ಕಸದ ಚೀಲಕ್ಕೆ ಹಾಕಬೇಡಿ. ಆ ಚೀಲಕ್ಕೆ ಕೈ ಹಾಕಿ ಬೇರ್ಪಡಿಸುವ ಪೌರಕಾರ್ಮಿಕರಿಗೂ ಬೆರಳಿವೆ. ಗಾಡಿ ಬಂದಾಗ ಹೊರಗೆ ಹೋಗಿ, "ಅಕ್ಕಾ, ಇದರಲ್ಲಿ ಬ್ಲೇಡ್ ಇದೆ, ಬೇರೆ ಇಡಿ" ಅಂತ ಹೇಳಿ ಕೈಗೆ ಕೊಡಿ.